ಹಿಟ್ಟಿನ ಮೇಲಿನ ಅಂಗೈ

ಚಿಲಾವ್, ಸಿಲೋನ್
೧೮ ಡಿಸೆಂಬರ್ ೧೯೩೭

ನನ್ನ ಮುದ್ದು ಅಮ್ಮನಿಗೆ,

ಬಂದು ಸೇರಿದೆವಮ್ಮಾ! ನಿನ್ನ ಮಗಳು ಈಗ ಸಮುದ್ರ ದಾಟಿದವಳು. ಬೌರಿಂಗ್‌ಪೇಟೆಯಲ್ಲಿ ರೈಲು ಹತ್ತುವಾಗ ಗೊಳೋ ಎಂದು ಅತ್ತವಳು ಧನುಷ್ಕೋಟಿಯಲ್ಲಿ ಹಡಗು ಕಂಡ ಕೂಡಲೇ ಕಿರುಚಿಬಿಟ್ಟೆ. ಮಾಮನಿಗೆ ನಾಚಿಕೆಯೋ ನಾಚಿಕೆ. “ಲೇ ಭಾರತಿ, ಮೆಲ್ಲಗೆ ಕಣೇ, ಎಲ್ಲಾರೂ ನೋಡ್ತಾವ್ರೆ!” ಗಂಡನನ್ನು ಮಾಮ ಎನ್ನಬಾರದಂತೆ, ಕೋಲಾರದ ಶಾಲೆಯಲ್ಲಿ ನಮ್ಮ ಮಿಸ್ ಹೇಳಿದ್ದರು. ಆದರೆ ಮಾತು ಬಂದಾಗಿನಿಂದ ನಿನ್ನ ತಮ್ಮನನ್ನು ಮಾಮ ಎಂದೇ ಕರೆದ ಬಾಯಿಗೆ ‘ಡಿಯರ್’ ಹೇಗೆ ಬರಬೇಕು? ಒಂದು ಸಲ ಅಂದು ನೋಡಿದೆ. ಅವರು ಕುಡಿಯುತ್ತಿದ್ದ ಕಾಫಿ ಮೂಗಿಗೆ ಹತ್ತಿತು.

ಮನೆ ಪುಟ್ಟದು, ಲವ್ಲಿ! ಸುತ್ತ ಕಂಪನಿಯ ತೆಂಗಿನ ತೋಟ. ಮಾಮ ಬೆಳಿಗ್ಗೆ ಕೊಬ್ಬರಿ ಗೋದಾಮಿಗೆ ಹೋದರೆ ಮಧ್ಯಾಹ್ನ ಊಟಕ್ಕೆ ಬರುತ್ತಾರೆ. ಕರ್ಚೀಫಿನಲ್ಲಿ ಒಂದು ಹೂವಾದರೂ ಇರುತ್ತದೆ. ನಾನು ಎಷ್ಟು ಸುಖವಾಗಿದ್ದೇನೆ ಎಂದರೆ ಒಮ್ಮೊಮ್ಮೆ ಒಬ್ಬಳೇ ನಗುತ್ತೇನೆ.

ನೀನು ತುಂಬಿ ಕಳಿಸಿದ ರಾಗಿ ಹಿಟ್ಟಿನ ಡಬ್ಬ ಭದ್ರವಾಗಿ ಬಂತು. ಮಾಮ ಮುದ್ದೆ ತಿನ್ನುವುದೇ ಇಲ್ಲ ಗೊತ್ತಾ? ಅನ್ನ ತಿಂದು ತಿಂದು ಹೊಟ್ಟೆ ಅದಕ್ಕೇ ಒಗ್ಗಿಹೋಗಿದೆಯಂತೆ. ನಾನೊಬ್ಬಳೇ ಎರಡು ಸಲ ಮಾಡಿಕೊಂಡೆ. ಆದರೂ ಹಿಟ್ಟು ಸುಮಾರು ಇಳಿದಿದೆ! ಇಲಿ ಇರಬೇಕು. ಸಿಲೋನಿನ ಇಲಿಗಳು ಮುಚ್ಚಳ ತೆಗೆದು ಮತ್ತೆ ಮುಚ್ಚುತ್ತವೆ.

ಸಮುದ್ರದ ದಡವನ್ನು ಮಾತ್ರ ಇನ್ನೂ ನೋಡಿಲ್ಲ. ಹಡಗಿನ ಮೇಲಿಂದ ನೋಡಿದ್ದು ಲೆಕ್ಕಕ್ಕಿಲ್ಲ. ಇಲ್ಲಿಂದ ಗಾಡಿಯಲ್ಲಿ ಹೋದರೆ ತಾಳೈಮುನೈ ಎಂಬ ಬೆಸ್ತರ ಊರಿದೆಯಂತೆ, ಯಾರೂ ಹೋಗದ ದಡವಂತೆ. ಕರೆದುಕೊಂಡು ಹೋಗಿ ಎಂದರೆ “ಅಲ್ಲೇನೈತೆ? ಬರೀ ಮೀನ್ ನಾತ” ಎನ್ನುತ್ತಾರೆ. ತಾವು ಮಾತ್ರ ಭಾನುವಾರ ಕಂಪನಿ ಕೆಲಸವೆಂದು ಅಲ್ಲಿಗೇ ಹೋಗುತ್ತಾರೆ.

ಸಾವಿರ ಮುತ್ತುಗಳೊಂದಿಗೆ,
ನಿನ್ನ ಭಾರತಿ

---

ಯಲ್ದೂರು
೨ ಜನವರಿ ೧೯೩೮

ಭಾರತಿಗೆ ಅಮ್ಮ ಬರೆದದ್ದು.

ರಜೆಯಲ್ಲಿ ನೀನು ಕಲಿಸಿದ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಸೊಟ್ಟಗಿದ್ದರೆ ನಗಬೇಡ.

ಇನ್ನು ಮೇಲೆ ಕಾಗದವನ್ನು ಮನೆಗೆ ಹಾಕಬೇಡ. ಮೇಷ್ಟ್ರ ಹೆಂಡತಿ ಶ್ಯಾಮಲಮ್ಮನ ಹೆಸರಿಗೆ ಹಾಕು. ಹೋದ ಕಾಗದ ನಿನ್ನ ದೊಡ್ಡಪ್ಪ ದೊಡ್ಡನಾರಾಯಣಪ್ಪನವರ ಕೈ ಹಾದು ನನಗೆ ಬಂತು. ಲಕೋಟೆಯ ಅಂಟು ಇನ್ನೂ ಒದ್ದೆಯಿತ್ತು.

ಇಲಿ ಮುಚ್ಚಳ ಹಾಕುವುದಿಲ್ಲ. ಹಿಟ್ಟು ತೆಗೆದ ಮೇಲೆ ಸಮ ಮಾಡಿ, ಅಂಗೈ ಒತ್ತಿ, ಆಮೇಲೆ ಮುಚ್ಚು. ಈ ಮನೆಗೆ ಕಾಲಿಟ್ಟಾಗಿನಿಂದ ನಾನು ಹಾಗೇ ಇಡುತ್ತಿದ್ದೇನೆ. ಯಾರು ಕೈ ಹಾಕಿದರೂ ಬೆಳಗಾದರೆ ತಿಳಿಯುತ್ತದೆ. ನಿನ್ನ ಗಂಡನಾದರೇನು, ಕೋದಂಡ ನನ್ನ ಸೊಂಟದ ಮೇಲೆ ಬೆಳೆದವನು. ಸುಳ್ಳು ಹೇಳುವಾಗ ಅವನ ಕೈ ಎಡಗಿವಿಗೆ ಹೋಗುತ್ತದೆ. ಅದನ್ನೂ ನೋಡು.

ಇಲ್ಲಿಯ ಸಮಾಚಾರ. ನಿಮ್ಮಪ್ಪ ಎತ್ತು ಮಾರಲು ಮುಳಬಾಗಿಲಿಗೆ ಹೋಗಿ ತಿರುಗಿ ಬಾರದೆ ಈ ಮಾಘಕ್ಕೆ ಹನ್ನೆರಡು ವರ್ಷ ತುಂಬುತ್ತದೆ. “ಮುನಿಕೃಷ್ಣ ಇನ್ನೆಲ್ಲಿ ಬತ್ತಾನಮ್ಮ? ಹನ್ನೆರ್ಡು ತುಂಬುದ್ಮೇಲೆ ಮಾಡ್ಬೇಕಾದ್ದು ಮಾಡ್ಬುಡಾನ” ಎನ್ನುತ್ತಾರೆ ದೊಡ್ಡಪ್ಪ. ದರ್ಭೆಯಲ್ಲಿ ಬೊಂಬೆ ಮಾಡಿ, ಅದನ್ನು ಸುಟ್ಟು, ಸತ್ತವರಿಗೆ ಮಾಡುವ ಕರ್ಮವನ್ನೆಲ್ಲ ಮಾಡುವುದು. ಯುಗಾದಿಗೆ ಮುಂಚಿನ ಅಮಾವಾಸ್ಯೆ ಎಂದು ಗೊತ್ತು ಮಾಡಿದ್ದಾರೆ. ಅಲ್ಲಿಗೆ ನನ್ನ ಬಳೆ ಕುಂಕುಮ ಮುಗಿಯಿತು. ಮಾವಿನ ತೋಪಿನ ನಮ್ಮ ಭಾಗವೂ ಅವರ ಕೈಗೆ ಹೋಯಿತು.

ನಿನ್ನ ಮದುವೆಯಲ್ಲಿ ಆರತಿಗೆ ಕರೆಯುವಾಗ ಹೆಂಗಸರು ನನ್ನ ಹಣೆ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀನು ಕಂಡಿರಲಾರೆ. ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಹಿಟ್ಟು ನೋಡಿಕೋ.

ಅಮ್ಮ

---

ಚಿಲಾವ್
೨೨ ಜನವರಿ ೧೯೩೮

ಅಮ್ಮಾ, ಅಮ್ಮಾ,

ಏನು ಬರೆಯಲಿ? ನಿನ್ನ ಕಾಗದ ಬಂದ ಸಂಜೆಯೇ ಹಿಟ್ಟು ಸಮ ಮಾಡಿ ಅಂಗೈ ಒತ್ತಿದೆ. ಎಷ್ಟು ಚೆನ್ನಾಗಿ ಮೂಡಿತು! ಹೊಸ ಉಂಗುರದ ಸುತ್ತು ಸಮೇತ. ಪತ್ತೇದಾರಿ ಕಾದಂಬರಿಯೊಳಗೆ ಹೊಕ್ಕ ಹಾಗೆ ಮೈಯೆಲ್ಲ ಪುಳಕ.

ಭಾನುವಾರ ಮಾಮ ಹೋದ ಮೇಲೆ ಮುಚ್ಚಳ ತೆಗೆದೆ. ಅಂಗೈ ಇತ್ತಮ್ಮ. ಆದರೆ ನನ್ನದಲ್ಲ! ನನ್ನದಕ್ಕಿಂತ ದೊಡ್ಡದು, ಬೆರಳು ಗಂಟುಗಂಟು, ಉಂಗುರವಿಲ್ಲ. ಹಿಟ್ಟು ತೆಗೆದು, ನನ್ನ ಗುರುತು ಅಳಿಸಿತಲ್ಲ ಎಂದು ತಮ್ಮ ಕೈ ಒತ್ತಿ ಹೋಗಿದ್ದಾರೆ! ಬಿದ್ದು ಬಿದ್ದು ನಕ್ಕೆ. ಆಮೇಲೆ ಅಲ್ಲೇ ಕೂತು ಅತ್ತೆ.

ಸಂಜೆ ಬಂದರು. “ಮಾಮ, ಹಿಟ್ಟು ಯಾರು ತೆಗೆದಿದ್ದು?” ಎಂದೆ.

“ನಾನೇನ್ ಕಂಡೆ? ಇಲಿ ಇರ್ಬೇಕು.”

“ಇಲಿಗೆ ಐದು ಬೆರಳಾ?”

“ಸಿಲೋನ್ ಇಲಿ ಕಣೇ. ನಿನ್ ಥರಾನೇ ಇಂಗ್ಲಿಷ್ ಓದಿರೋದು.”

ನಗಿಸಿದರು. ನಾನೂ ನಕ್ಕೆ. ಆದರೆ ಅವರ ಕೈ ಎಡಗಿವಿಯ ಮೇಲಿತ್ತು ಅಮ್ಮ.

ಆಗಿನಿಂದ ಕರ್ಚೀಫಿನಲ್ಲಿ ಹೂವು ತಂದರೂ ಇದು ಯಾವ ಗಿಡದ್ದು, ಇನ್ನೊಂದು ಹೂವು ಯಾರಿಗೆ ಹೋಯಿತು ಎಂದು ಯೋಚಿಸುತ್ತೇನೆ. ಅವರ ಅಂಗಿ ಒಗೆಯುವ ಮುಂಚೆ ಮೂಸುತ್ತೇನೆ. ಉಪ್ಪು, ಮೀನು, ಹೊಗೆ. ಒಂದು ಸಲ ತೋಳಿನ ಮೇಲೆ ಒಣಗಿದ ಗಂಜಿ, ಮಗುವಿನ ಕೈ ಒರೆಸಿದ ಹಾಗೆ.

ಬೇರೆ ಗಂಡಂದಿರು ಕದ್ದು ಸೆಂಟು ಕೊಡುತ್ತಾರೆ, ರೇಷ್ಮೆ ಕೊಡುತ್ತಾರೆ ಎಂದು ಕೇಳಿದ್ದೇನೆ. ರಾಗಿ ಹಿಟ್ಟು ಯಾರಿಗಮ್ಮ ಕೊಡುತ್ತಾರೆ?

ದಿಕ್ಕು ತೋಚದ,
ಭಾರತಿ

---

ಯಲ್ದೂರು
೩ ಫೆಬ್ರವರಿ ೧೯೩೮

ಭಾರತಿ,

ನಿನ್ನ ಕಾಗದ ಶ್ಯಾಮಲಮ್ಮ ಸೆರಗಿನಲ್ಲಿಟ್ಟುಕೊಂಡು ತಂದುಕೊಟ್ಟಳು. ತೋಪಿನಲ್ಲಿ ಕೂತು ಓದಿದೆ. ಗಿಡಗಳೆಲ್ಲ ಹೂವಾಗಿವೆ, ಜೇನು ಹುಳುವಿನ ಗದ್ದಲದಲ್ಲಿ ಅಳುವುದಕ್ಕೆ ಅನುಕೂಲ. ಆದರೆ ಅಳಲಿಲ್ಲ, ಯೋಚಿಸಿದೆ.

ಆ ದ್ವೀಪದ ಹೆಂಗಸಾಗಿದ್ದರೆ ಅಕ್ಕಿ ಕೇಳುತ್ತಿದ್ದಳು. ರಾಗಿ ಹಿಟ್ಟಿಗೆ ಬಾಯಿ ಬಿಡುವವಳು ನಮ್ಮ ಕಡೆಯವಳೇ. ಮಾಲೂರೋ, ಶ್ರೀನಿವಾಸಪುರವೋ. ಇಲ್ಲಿಂದಲೇ ಯಾರನ್ನೋ ಕರೆದುಕೊಂಡು ಹೋಗಿ ಇಟ್ಟಿದ್ದಾನೆ. ಮೂರು ವರ್ಷ ಮದುವೆ ಬೇಡ ಬೇಡ ಎಂದವನು ಹೋದ ವರ್ಷ ತಟ್ಟನೆ ಬಂದು “ಅಕ್ಕಾ, ಭಾರತೀನ ನಂಗೇ ಕೊಡು” ಎಂದ. ಸಂತೋಷದಲ್ಲಿ ನಾನು ಯಾಕೆಂದು ಕೇಳಲಿಲ್ಲ. ಈಗ ಕೇಳಿಕೊಳ್ಳುತ್ತಿದ್ದೇನೆ.

ಜಗಳ ಮಾಡಬೇಡ. ಜಗಳ ಮಾಡಿದರೆ ಬಚ್ಚಿಡುವುದನ್ನು ಚೆನ್ನಾಗಿ ಕಲಿಯುತ್ತಾನೆ. ಭಾನುವಾರ ಬುತ್ತಿ ಕಟ್ಟಿಕೊಂಡು ಅವನಿಗಿಂತ ಮುಂಚೆ ಗಾಡಿ ಹತ್ತಿ ಕೂತುಬಿಡು. ಇಳಿ ಎಂದರೆ ಇಳಿಯಬೇಡ. ಅವಳ ಮುಖ ನೋಡು. ಮಕ್ಕಳಿದ್ದರೆ ಮೂಗು ನಮ್ಮವರದೇ ಎಂದು ನೋಡು. ಕಂಡದ್ದನ್ನೆಲ್ಲ ಬರೆ, ನನ್ನ ಮನಸ್ಸು ನೋಯುತ್ತದೆಂದು ಬಿಡಬೇಡ.

ಅಮ್ಮ

---

ಚಿಲಾವ್
೧೪ ಫೆಬ್ರವರಿ ೧೯೩೮

ನನ್ನ ಬಂಗಾರದಂಥ ಅಮ್ಮ,

ಇಲ್ಲ! ಇಲ್ಲ! ಇಲ್ಲ! ಯಾವ ಹೆಂಗಸೂ ಇಲ್ಲ! ಅಂದರೆ ಹೆಂಗಸು ಇದ್ದಾಳೆ, ಆದರೆ ಮಾಮನಿಗಲ್ಲ! ಮೊದಲಿನಿಂದ ಹೇಳುತ್ತೇನೆ.

ನಿನ್ನೆ ನೀನು ಹೇಳಿದ ಹಾಗೇ ಗಾಡಿಯಲ್ಲಿ ಕೂತೆ. ಮಾಮ ಇಳಿ ಎಂದರು, ಬಿಸಿಲು ಎಂದರು, ಕಿವಿ ಹಿಡಿದುಕೊಂಡರು. ನಾನು ಅಲ್ಲಾಡಲಿಲ್ಲ. ಕೊನೆಗೆ “ಆಯ್ತು, ಬಾ. ಏನಾದ್ರೂ ಆದ್ರೆ ನನ್ನ ಅನ್ಬೇಡ” ಎಂದು ಮುಖ ತಿರುಗಿಸಿ ಕೂತರು.

ತೆಂಗು ಮುಗಿದು ಕೇದಗೆಯ ಬೇಲಿ ಶುರುವಾಯಿತು. ಅದರೊಳಗೆ ಒಂದು ಸಂದು. ಸಂದು ದಾಟಿದರೆ, ಅಯ್ಯೋ ಅಮ್ಮ, ನಿನ್ನನ್ನು ಕರೆತರಬೇಕಿತ್ತು! ನೆಲವೇ ಮುಗಿದುಹೋಗಿದೆ! ಆಚೆಗೆ ನೀರು, ನೀರು, ಆಕಾಶದವರೆಗೂ ನೀರು. ಏರಿಯೇ ಇಲ್ಲದ ಕೆರೆ. ನಾನು ಪೆದ್ದಿಯ ಹಾಗೆ ತೂಬು ಎಲ್ಲಿದೆ ಎಂದು ಹುಡುಕಿದೆ! ಅಂಗಡಿಯಿಲ್ಲ, ಛತ್ರವಿಲ್ಲ, ಒಂದು ಕಲ್ಲುಬೆಂಚೂ ಇಲ್ಲ. ಹತ್ತಾರು ಗರಿಯ ಗುಡಿಸಲು, ಮಗುಚಿಹಾಕಿದ ದೋಣಿಗಳು, ನೆರಳಿನಲ್ಲಿ ನಿದ್ದೆ ಮಾಡುವ ನಾಯಿ. ಜರಡಿ ಹಿಡಿದ ರವೆಯಂಥ ಮರಳು. ಚಪ್ಪಲಿ ಬಿಟ್ಟು ನಡೆದರೆ ಕಾಲಡಿ ಕಿರ್ ಕಿರ್ ಎನ್ನುತ್ತದೆ. ಪುಟಾಣಿ ಏಡಿಗಳು ನನ್ನನ್ನು ಕಂಡು ಬಿಲಕ್ಕೆ ಓಡುತ್ತವೆ, ನಾನು ಅವನ್ನು ಕಂಡು ಮಾಮನ ಹಿಂದೆ ಓಡುತ್ತೇನೆ. ಅನುಮಾನಪಡಲು ಹೋದವಳು ಅರ್ಧ ಗಂಟೆ ಅದನ್ನೇ ಮರೆತಿದ್ದೆ.

ಆಗ ಬಲೆ ಎಳೆಯುವುದನ್ನು ನೋಡಿದೆ. ಸಮುದ್ರದೊಳಗೆ ಬಿಟ್ಟ ದೊಡ್ಡ ಬಲೆಯ ಹಗ್ಗವನ್ನು ಇಪ್ಪತ್ತು ಜನ ಹಿಡಿದು ಹಿಂದೆ ಹಿಂದೆ ನಡೆಯುತ್ತಾರೆ. ಮುಂದೆ ನಿಂತ ಒಬ್ಬ ಮುದುಕ ಕೂಗಿ ಹೇಳಿಕೊಡುತ್ತಾನೆ, ಉಳಿದವರು ಓಹೋ ಎನ್ನುತ್ತಾರೆ. ಕೂಗು ಥೇಟ್ ನಮ್ಮೂರ ಕಪಿಲೆ ಬಾವಿಯದು! ಎತ್ತುಗಳನ್ನು ಇಳಿಜಾರಿಗೆ ಹೊಡೆದು, ಹಗ್ಗದ ಮೇಲೆ ಕೂತು, ನೀರು ತುಂಬಿದ ತೊಗಲಿನ ಬಾನೆ ಮೇಲೆ ಬರುವಾಗ ಎಳೆದು ಎಳೆದು ಕೂಗುತ್ತಾರಲ್ಲ, ಅದೇ ರಾಗ. “ಹೋ ಕರಿಯಾ, ಬಾರೋ ಬಾ! ಹೋ ಚುಕ್ಕಾ, ಇಳಿಯೋ ಇಳಿ!” ಸಿಲೋನಿನ ದಡದಲ್ಲಿ ಕನ್ನಡ! ನನ್ನ ಕಣ್ಣಲ್ಲಿ ನೀರೇ ಬಂತು. ಕರಿಯ ಯಾರು, ಚುಕ್ಕ ಯಾರು ಎಂದು ಆಮೇಲೆ ನನ್ನ ಹರಕು ತಮಿಳಿನಲ್ಲಿ ಬೆಸ್ತರನ್ನು ಕೇಳಿದೆ. ಆ ಹೆಸರಿನವರು ಅಲ್ಲಿ ಯಾರೂ ಇಲ್ಲವಂತೆ. ಮುದುಕ ಎಂದೋ ಕೂಗಿದ, ಅವರೂ ಅಭ್ಯಾಸ ಮಾಡಿಕೊಂಡರಂತೆ.

ಹಿಟ್ಟು ಹೋಗುತ್ತಿದ್ದುದು ಈ ಮುದುಕನಿಗೇ ಅಮ್ಮ! ಮಾಲೂರ ಕಡೆಯವನಂತೆ. ತಾಳೈಮುನೈಯವರೆಲ್ಲ ‘ಮೈಸೂರಯ್ಯ’ ಎನ್ನುತ್ತಾರೆ. ಇಲ್ಲಿಯ ಬೆಸ್ತರ ಹೆಂಗಸನ್ನು ಕಟ್ಟಿಕೊಂಡು ಎರಡು ಮಕ್ಕಳಾಗಿವೆ. ಮುದ್ದೆಗೆ ಹಂಬಲಿಸುತ್ತಾನೆಂದು ಮಾಮ ಕೊಡುತ್ತಿದ್ದರು. ಕುಲ ಬಿಟ್ಟವನ ಮನೆಗೆ ತಾವು ಹೋಗುವುದು ತಿಳಿದರೆ ನನಗೆ ಅಸಹ್ಯವಾದೀತೆಂದು ಹೇಳಲಿಲ್ಲವಂತೆ. ನನ್ನ ಮಾಮ ಎಂಥ ದಯಾಳು! ನಾವು ಏನೇನೆಲ್ಲ ಅಂದುಕೊಂಡೆವು!

ಅವನಿಗೆ ಮುದ್ದೆಯ ಬುತ್ತಿ ನಾನೇ ಬಡಿಸಿದೆ. ನನ್ನ ಮುಖವನ್ನು ಒಂದು ಸಲವೂ ನೋಡಲಿಲ್ಲ. ಎಲೆಯ ಮೇಲೆ ತಲೆ ಬಾಗಿಸಿಕೊಂಡೇ, “ಮಾವಿಗೆ ಹೂವು ಬಂತಾ ತಾಯಿ ಈ ಸಲ?” ಎಂದ. ಬಂದಿದೆಯಂತೆ, ಅಮ್ಮ ಬರೆದಿದ್ದಾಳೆ ಎಂದೆ. “ಬರೆಯೋಕ್ ಬತ್ತದಾ ನಿಮ್ಮಮ್ಮಂಗೆ?” ಎಂದು ಕೇಳಿ, ಮುದ್ದೆ ಗಂಟಲಿಗೆ ಸಿಕ್ಕಿ ಕೆಮ್ಮಿದ. ಪಾಪ.

ಹಗುರವಾಗಿ, ಹಕ್ಕಿಯಾಗಿ,
ಭಾರತಿ

---

ಯಲ್ದೂರು
೨೪ ಫೆಬ್ರವರಿ ೧೯೩೮

ಭಾರತಿ,

ಕರಿಯ, ಚುಕ್ಕ ಮನುಷ್ಯರಲ್ಲ. ನಮ್ಮ ಕಪಿಲೆಯ ಎತ್ತುಗಳು. ಕರಿಯ ಎಡಗಡೆಯದು. ಚುಕ್ಕನಿಗೆ ಹಣೆಯ ಮೇಲೆ ಬಿಳಿ ಬೊಟ್ಟು. ನಿಮ್ಮಪ್ಪ ಮಾರಲು ಹೋದದ್ದು ಅವನ್ನೇ. ನೀನು ಆಗ ಮಗು, ನೆನಪಿಲ್ಲ. ಆಮೇಲೆ ಈ ಮನೆಯಲ್ಲಿ ಆ ಹೆಸರುಗಳನ್ನು ಯಾರೂ ಎತ್ತಲಿಲ್ಲ.

ಅಮಾವಾಸ್ಯೆಗೆ ಪುರೋಹಿತರಿಗೆ ಹೇಳಿ ಆಗಿದೆ. ನೀನು ಮತ್ತೆ ಅಲ್ಲಿಗೆ ಹೋಗು. ಇಲ್ಲಿ ಏನು ಮಾಡುತ್ತಿದ್ದಾರೆಂದು ಹೇಳು. ಅವರು ಏನೆನ್ನುತ್ತಾರೋ ಅವರ ಮಾತಿನಲ್ಲೇ ಬರೆ.

ಆ ಹೆಂಗಸಿನ ಕೊರಳಲ್ಲಿ ತಾಳಿ ಇದೆಯೇ? ಬೇಡ, ಅದನ್ನು ಬರೆಯಬೇಡ.

ಅಮ್ಮ

---

ಚಿಲಾವ್
೭ ಮಾರ್ಚ್ ೧೯೩೮

ಅಮ್ಮ,

ನಿನ್ನ ಕಾಗದವನ್ನು ಮಾಮನ ಮುಂದೆ ಇಟ್ಟೆ. ಓದಿ, ಬಹಳ ಹೊತ್ತು ಅದನ್ನೇ ಮಡಿಸುತ್ತ ಬಿಚ್ಚುತ್ತ ಕೂತರು. ಆಮೇಲೆ ಹೇಳಿದರು. ಎರಡು ವರ್ಷದ ಕೆಳಗೆ ಕಂಪನಿ ಕೆಲಸಕ್ಕೆ ತಾಳೈಮುನೈಗೆ ಹೋಗಿದ್ದಾಗ ಆ ಕೂಗು ಕೇಳಿ ನಿಂತರಂತೆ. “ಭಾವ ನನ್ ಕೈನ ತಮ್ ತಲೆ ಮೇಲೆ ಇಟ್ಕೊಂಡು, ಅಕ್ಕಂಗೆ ಹೇಳಲ್ಲ ಅಂತ ಆಣೆ ಹಾಕಿಸ್ಕೊಂಡ್ರು ಕಣೇ. ಹೇಳಿದ್ರೆ ಸಮುದ್ರಕ್ ಹೋಗ್ತೀನಿ ಅಂದ್ರು.”

“ಅದಕ್ಕೇ ನನ್ನ ಮದುವೆ ಆದ್ರಾ? ಅಪ್ಪ ಇಲ್ದೋಳು, ಪಾಪ ಅಂತ?”

“ಇಲ್ಲ ಭಾರತಿ. ನೀನು ಬೇಕಿತ್ತು, ಅದಕ್ಕೆ.”

ನಾನು ಅವರ ಕೈಯನ್ನೇ ನೋಡುತ್ತಿದ್ದೆ. ತೊಡೆಯ ಮೇಲಿಂದ ಕದಲಲಿಲ್ಲ. ಆದರೆ ಅಮ್ಮ, ನಿನ್ನ ಹಳೆಯ ಕಾಗದಗಳೂ ಅಲ್ಲೇ ಇದ್ದವು, ಅವನ್ನೂ ಓದಿದ್ದರು. ನಾನು ಕಿವಿ ನೋಡುತ್ತೇನೆಂದು ಅವರಿಗೂ ಈಗ ಗೊತ್ತು.

ನಿನ್ನೆ ಹೋದೆವು. ಅದೇ ದಡ, ಅದೇ ನೀರು. ಹೋದ ಸಲ ನನಗೆ ಅಷ್ಟು ಚೆಂದ ಕಂಡ ಆ ಮೌನ ಈ ಸಲ ಯಾರೋ ಬಾಯಿ ಮುಚ್ಚಿಕೊಂಡು ನಿಂತ ಹಾಗಿತ್ತು. ಮೈಸೂರಯ್ಯ ನನ್ನನ್ನು ದೂರದಿಂದಲೇ ಕಂಡಿರಬೇಕು, ಹಗ್ಗ ಹಿಡಿದಿದ್ದರೂ ಕೂಗುತ್ತಿರಲಿಲ್ಲ. ಕೂಗಿಲ್ಲದೆ ಉಳಿದವರ ಕಾಲು ಹೊಂದುತ್ತಿರಲಿಲ್ಲ. ಒಬ್ಬ ಎಳೆದರೆ ಇನ್ನೊಬ್ಬ ಬಿಡುತ್ತಿದ್ದ, ಬೈಗುಳ ಶುರುವಾಗಿತ್ತು. ಏನೆಂದು ಕರೆಯಬೇಕೋ ನನಗೆ ತಿಳಿಯಲಿಲ್ಲ. ಅಪ್ಪ ಎಂದು ಯಾರನ್ನೂ ಕರೆದು ಅಭ್ಯಾಸವಿಲ್ಲ. ಬೆನ್ನ ಹಿಂದೆ ನಿಂತು, “ಹೋ ಕರಿಯಾ, ಬಾರೋ ಬಾ” ಎಂದೆ.

ಅವರು ತಿರುಗಲಿಲ್ಲ. ಕಪಿಲೆಯವರು ಕೂರುತ್ತಾರಲ್ಲ, ಹಾಗೆ ಹಗ್ಗದ ಮೇಲೆ ಕೂತುಬಿಟ್ಟರು. ಹಗ್ಗ ಸಡಿಲವಾಗಿತ್ತು, ಒದ್ದೆ ಮರಳಿಗೆ ಕುಸಿದರು. ಉಳಿದವರು ಬಲೆ ಬಿಟ್ಟು ನೋಡುತ್ತಿದ್ದರು.

ನೀನು ಹೇಳಿದ್ದನ್ನೆಲ್ಲ ಹೇಳಿದೆ. ಅವರ ಮಾತನ್ನು ಹಾಗೇ ಬರೆಯುತ್ತೇನೆ:

“ಅಣ್ಣ ಮಾರು ಅಂದ. ಮಾರಿದೆ ತಾಯಿ. ಎತ್ತು ಹೋದೋ, ಹಗ್ಗ ಕೈಲೇ ಉಳ್ಕೊಂಡ್ತು. ಬರೀ ಹಗ್ಗ ಹಿಡ್ಕೊಂಡು ನಿಮ್ಮಮ್ಮನ್ ಮುಂದೆ ನಿಲ್ಲಕ್ ಆಗ್ಲಿಲ್ಲ. ನಾಳೆ ಹೋಗಾನ ಅಂದೆ. ನಾಳೆ ನಾಳೆ ಅಂತ ಇಲ್ಲೀಗಂಟ ಬಂದೆ.”

ಆಮೇಲೆ ಮರಳನ್ನು ಕೈಯಲ್ಲಿ ತೆಗೆದು ತೆಗೆದು ಸುರಿಯುತ್ತ, “ಮಾಡಿಸ್ಬುಡ್ಲಿ ಅನ್ನು. ನಾನು ಇಲ್ಲ ಅಂತ್ಲೇ ಅಂದ್ಕೊಳ್ಳಿ. ಅವ್ಳಿಗೂ ಕಾಯೋದ್ ತಪ್ತದೆ” ಎಂದರು.

ಅಮಾವಾಸ್ಯೆಗೆ ಮುಂಚೆ ಇದು ನಿನಗೆ ಸಿಗಬೇಕು ಎಂದು ಬೆಳಿಗ್ಗೆಯ ಟಪಾಲಿಗೆ ಹಾಕುತ್ತಿದ್ದೇನೆ. ನೀನು ಏನು ಮಾಡುತ್ತೀಯ ಅಮ್ಮ?

ನಿನ್ನ,
ಭಾರತಿ

---

ಯಲ್ದೂರು
೫ ಏಪ್ರಿಲ್ ೧೯೩೮

ಭಾರತಿಗೆ,

ಹಬ್ಬ ಕಳೆಯಿತು. ನಿಧಾನವಾಗಿ ಬರೆಯುತ್ತಿದ್ದೇನೆ.

ಅಮಾವಾಸ್ಯೆಯ ಬೆಳಿಗ್ಗೆ ಪುರೋಹಿತರು ಬಂದರು. ಜಗಲಿಯ ಮೇಲೆ ದರ್ಭೆಯ ಬೊಂಬೆ ಮಲಗಿಸಿದರು. ಬಳೆ ತೆಗೆಯಲು ಇಬ್ಬರು ವಿಧವೆಯರನ್ನು ಕರೆಸಿದ್ದರು. ನಾನು ಹೊಸ ಬಳೆ ತೊಟ್ಟು, ಅಗಲವಾಗಿ ಕುಂಕುಮ ಇಟ್ಟು ಹೊರಗೆ ಬಂದೆ. “ಬದುಕಿರೋರಿಗೆ ಪಿಂಡ ಇಡ್ತೀರಾ ಭಾವ?” ಎಂದೆ.

“ಬದುಕವ್ನೆ ಅಂತ ನಿಂಗ್ ಯಾರಮ್ಮ ಹೇಳ್ದೋರು?”

“ಕರಿಯ, ಚುಕ್ಕ ಹೇಳಿದ್ವು.”

ನಿನ್ನ ದೊಡ್ಡಪ್ಪ ಕಂಬ ಹಿಡಿದು ಕೂತರು. ಎಲ್ಲಿ, ಹೇಗೆ ಎಂದು ಒಂದು ಮಾತೂ ಕೇಳಲಿಲ್ಲ. ಕೇಳದೆ ಇದ್ದದ್ದನ್ನು ನಾನ್ಯಾಕೆ ಹೇಳಲಿ. ಪುರೋಹಿತರು ದರ್ಭೆಯನ್ನು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಹೋದರು.

ಮಾಡಿಸಿಬಿಡಲಿ ಎಂದರಂತೆ. ಹೇಳಿದ ಕಡೆಗೆಲ್ಲ ಇಳಿಯಲು ನಾನು ಅವರ ಕಪಿಲೆಯ ಎತ್ತಲ್ಲ. ಹನ್ನೆರಡು ವರ್ಷ ನಾನು ಬದುಕಿರುವವರ ಹೆಂಡತಿಯಾಗಿ ಇದ್ದೆ, ಅದು ಸುಲಭವಾಗಿರಲಿಲ್ಲ. ಇನ್ನು ಅವರು ಬದುಕಿರುವವರಾಗಿ ಇರಲಿ. ಬರುವುದು ಬೇಡ. ಆ ಮಕ್ಕಳಿಗೆ ಅನ್ನ ಹಾಕಲಿ. ಆದರೆ ಸತ್ತೆ ಎಂದು ಹಗುರವಾಗಲು ನಾನು ಬಿಡುವುದಿಲ್ಲ.

ಕೋದಂಡ ಒಳ್ಳೆಯವನೇ. ಆದರೂ ನೀನು ಹಿಟ್ಟಿನ ಮೇಲೆ ಅಂಗೈ ಒತ್ತುವುದನ್ನು ಬಿಡಬೇಡ.

ಮಾಲೂರಿನ ಕದಿರೇಶ ಕೊಲಂಬೊದ ಅಂಗಡಿ ಕೆಲಸಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲಿ ಎರಡು ಡಬ್ಬ ರಾಗಿ ಹಿಟ್ಟು ಕಳಿಸಿದ್ದೇನೆ. ದೊಡ್ಡದು ನಿನಗೆ. ಚಿಕ್ಕದು ತಾಳೈಮುನೈಗೆ. ಅದನ್ನು ನೀನು ತೆರೆಯಬೇಡ, ಕೋದಂಡನೂ ತೆರೆಯಬಾರದು. ಅವರ ಕೈಗೇ ಕೊಟ್ಟು, ಅವರೇ ಮುಚ್ಚಳ ತೆಗೆಯಲಿ.

ಗಟ್ಟಿಯಾಗಿ ಅದುಮಿ ತುಂಬಿದ್ದೇನೆ. ಮೇಲೆ ನನ್ನ ಅಂಗೈ ಒತ್ತಿ, ಮುತ್ತುಗದ ಎಲೆ ಹಾಸಿ ಮುಚ್ಚಿದ್ದೇನೆ. ಬೆರಳಿಂದ ಮಣಿಕಟ್ಟಿನವರೆಗೂ ಒತ್ತಿದ್ದೇನೆ. ಬಳೆ ಮೂಡಿದೆ.

ಅಮ್ಮ